ಚರ್ಮದಡಿಯ ಬಡಿತಲೇಖಕ: ಅದರ ಲೆಕ್ಕ ತಪ್ಪದಿರಲು ದಂಪತಿಗಳು ಮಾಡಬೇಕಾದುದು

ಹಿರೇನಲ್ಲೂರು ಸುತ್ತಲಿನ ದಂಪತಿಗಳೇ, ರಾಗಿ ಹೊಲದಲ್ಲಿ ಕಳೆ ತೆಗೆಯುವಾಗಲೋ ತೆಂಗಿನ ತೋಟಕ್ಕೆ ನೀರು ಕಟ್ಟುವಾಗಲೋ ಪತಿಯಾಗಲಿ ಪತ್ನಿಯಾಗಲಿ ಇದ್ದಕ್ಕಿದ್ದಂತೆ ಕುಸಿದುಬಿದ್ದು, ಕ್ಷಣಕಾಲದಲ್ಲೇ ಎದ್ದು ಕುಳಿತರೆ, ಅದನ್ನು ಬಿಸಿಲಿನ ಬಳಲಿಕೆಯೆಂದೋ ದೃಷ್ಟಿದೋಷವೆಂದೋ ಭಾವಿಸಿ ಸುಮ್ಮನಾಗುವುದುಂಟು. ಮೂರ್ಛೆಗೆ ಕಾರಣಗಳು ಹಲವು. ಅವುಗಳಲ್ಲಿ ಹೆಚ್ಚಿನವು ಅಪಾಯಕಾರಿಯಲ್ಲ. ಆದರೆ ಕೆಲವರಲ್ಲಿ ಹೃದಯದ ಬಡಿತವು ಕೆಲವು ಸೆಕೆಂಡು ನಿಂತು, ಇಲ್ಲವೇ ಅತಿವೇಗಕ್ಕೇರಿ, ಮೆದುಳಿಗೆ ರಕ್ತ ಸಾಲದೆ ಹೀಗಾಗುತ್ತದೆ. ಕಡೂರಿನ ಆಸ್ಪತ್ರೆಯಲ್ಲಿ ತೆಗೆಸಿದ ಇ.ಸಿ.ಜಿ. ಕೆಲವೇ ಸೆಕೆಂಡುಗಳ ಬಡಿತವನ್ನು ತೋರಿಸುತ್ತದೆಯಾದ್ದರಿಂದ, ಮೂರು ತಿಂಗಳಿಗೊಮ್ಮೆ ಬರುವ ಮೂರ್ಛೆಯ ಕಾರಣ ಅದರಲ್ಲಿ ಸಿಕ್ಕದೆ ಹೋಗಬಹುದು.

ಇಂತಹ ರೋಗಿಗಳಿಗಾಗಿ 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದುದೇ ಲೂಪ್ ರೆಕಾರ್ಡರ್ ಎಂಬ ಬಡಿತಲೇಖಕ. ಇದರ ಒಂದು ಮಾದರಿಯ ಉದ್ದ ಸುಮಾರು 45 ಮಿಲಿಮೀಟರ್, ತೂಕ ಸುಮಾರು ಎರಡೂವರೆ ಗ್ರಾಂ. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿರುವಂತಹ ಹೃದ್ರೋಗ ತಜ್ಞರು ಅಗತ್ಯವೆಂದು ಕಂಡರೆ ಮಾತ್ರ, ಎದೆಯ ಎಡಭಾಗವನ್ನು ಮರಗಟ್ಟಿಸಿ, ಚರ್ಮದಡಿ ಇದನ್ನು ಇರಿಸುತ್ತಾರೆ. ಇದು ಪೇಸ್‌ಮೇಕರ್ ಅಲ್ಲ. ಬಡಿತವನ್ನು ಸರಿಪಡಿಸದು, ಬರೆದಿಡುತ್ತದೆ ಅಷ್ಟೆ.

ಆ ಬರಹದಲ್ಲಿಯೂ ತಪ್ಪುಗಳು ನುಸುಳುತ್ತವೆ. ಮಗ್ಗುಲಾಗಿ ಮಲಗಿದಾಗ ಅಥವಾ ಬಾಗಿದಾಗ ಹೃದಯದ ವಿದ್ಯುತ್ ಸಂಕೇತವು ಕ್ಷೀಣವಾಗಿ ತಲುಪಿದರೆ, ಹೃದಯವೇ ನಿಂತಿತೆಂದು ಯಂತ್ರ ಬರೆದುಕೊಳ್ಳುತ್ತದೆ. ಗುದ್ದಲಿ ಹಿಡಿದು ಅಗೆಯುವಾಗ ಎದೆಯ ಸ್ನಾಯುಗಳಿಂದ ಹೊಮ್ಮುವ ವಿದ್ಯುತ್ತನ್ನು ಹೃದಯದ ಓಟವೆಂದು ಎಣಿಸುವುದೂ ಉಂಟು. ಯಂತ್ರದ ನೆನಪು ಮಿತವಾದುದು. ಹೊಸದನ್ನು ಬರೆಯಲು ಹಳೆಯದನ್ನು ಅದು ಬಳಪದ ಹಲಗೆಯಂತೆ ಅಳಿಸುತ್ತದೆ. ಹುಸಿ ದಾಖಲೆಗಳು ತುಂಬಿದರೆ ನಿಜವಾದ ಮೂರ್ಛೆಯ ದಾಖಲೆಯೇ ಅಳಿಯಬಹುದೆಂಬುದು ಇದರಲ್ಲಿನ ನಿಜವಾದ ಅಪಾಯ.

ಆದ್ದರಿಂದ ವೈದ್ಯರು ಸಂಕೇತವು ಬಲವಾಗಿ ದೊರೆಯುವ ಜಾಗವನ್ನು ಆರಿಸುತ್ತಾರೆ. ಯಂತ್ರದ ಸೂಕ್ಷ್ಮತೆಯನ್ನು ರೋಗಿಗೆ ತಕ್ಕಂತೆ ಹೊಂದಿಸುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅಪಾರ ಸಂಖ್ಯೆಯ ಬಡಿತದ ದಾಖಲೆಗಳಿಂದ ಕಲಿತ ಗಣಕಯಂತ್ರಗಳು ಹುಸಿ ಸೂಚನೆಗಳನ್ನು ಬಹುಮಟ್ಟಿಗೆ ಸೋಸುತ್ತಿವೆ. ಆದರೂ ಗೆರೆಗಳನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕಾದವರು ತಜ್ಞರೇ.

ಇನ್ನುಳಿದುದು ನಿಮ್ಮ ಕೆಲಸ. ಹಲವು ಮಾದರಿಗಳೊಡನೆ ಒತ್ತುವ ಗುಂಡಿಯ ಸಣ್ಣ ಸಾಧನವನ್ನೋ ಮೊಬೈಲ್ ವ್ಯವಸ್ಥೆಯನ್ನೋ ಕೊಡುತ್ತಾರೆ. ಅದನ್ನು ಬಳಸಿದರೆ ಹಿಂದಿನ ಕೆಲವು ನಿಮಿಷಗಳ ಬಡಿತ ಭದ್ರವಾಗುತ್ತದೆ. ಮೂರ್ಛೆ ಹೋದವರು ಒತ್ತಲಾರರು; ಜೊತೆಯಲ್ಲಿರುವವರು ಒತ್ತಬೇಕು. ಆದ್ದರಿಂದ ಬಳಸುವ ಕ್ರಮವನ್ನು ಪತಿಪತ್ನಿಯರಿಬ್ಬರೂ ಆಸ್ಪತ್ರೆಯಲ್ಲೇ ಕಲಿತುಕೊಂಡು ಬರತಕ್ಕದ್ದು. ಬಿದ್ದವರ ಕೈಗೆ ಕಬ್ಬಿಣದ ಬೀಗದ ಕೈ ಕೊಡುವ ರೂಢಿಯಿಂದ ಪ್ರಯೋಜನವಿಲ್ಲ. ಉಸಿರಾಟವಿದ್ದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು ಹಾಕದೆ, ಗಡಿಯಾರ ನೋಡಿಕೊಳ್ಳಿರಿ. ಎಷ್ಟು ಹೊತ್ತಿಗೆ ಬಿದ್ದರು, ಆಗ ಏನು ಮಾಡುತ್ತಿದ್ದರು, ಮುಖ ಬಿಳಿಚಿತ್ತೇ, ಕೈಕಾಲು ಅದುರಿದವೇ ಎಂಬುದನ್ನು ಅಂದೇ ಬರೆದಿಡಿರಿ. ಈ ನಾಲ್ಕು ಸಾಲನ್ನು ಯಂತ್ರದ ಗೆರೆಯೊಡನೆ ಹೋಲಿಸಿದಾಗಲೇ ನಿಜ ಯಾವುದು ಹುಸಿ ಯಾವುದು ಎಂಬುದು ತಜ್ಞರಿಗೆ ಸ್ಪಷ್ಟವಾಗುತ್ತದೆ. ಮಾಹಿತಿ ಕಳಿಸುವ ಪೆಟ್ಟಿಗೆಯಿದ್ದರೆ ಅದನ್ನು ಹಾಸಿಗೆಯ ಸಮೀಪ, ಮೊಬೈಲ್ ಸಿಗ್ನಲ್ ಸಿಗುವಲ್ಲಿ ಇರಿಸಬೇಕು.

ಕಾರಣ ತಿಳಿಯುವವರೆಗೆ ರೋಗಿಯು ಮರ ಹತ್ತಬಾರದು, ಟ್ರ್ಯಾಕ್ಟರ್ ಓಡಿಸಬಾರದು, ಒಂಟಿಯಾಗಿ ಬಾವಿ ಕೆರೆಗೆ ಇಳಿಯಬಾರದು. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ಎದೆನೋವು ಅಥವಾ ಉಸಿರಿನ ತೊಂದರೆ ಕಂಡರೆ, ಯಂತ್ರವು ಏನನ್ನೇ ಬರೆದುಕೊಂಡಿರಲಿ, ಕೂಡಲೇ 108ಕ್ಕೆ ಕರೆ ಮಾಡಿರಿ.