ಶಾಸನದ ಫೋಟೋ ಕಾಯಲು ಕಂಟೇನರ್‌ನೊಳಗೆ ಸಿಂಕ್‌ಥಿಂಗ್

ಕುಂದಾಣದ ಸುತ್ತಮುತ್ತ ಕ್ಷೇತ್ರಕಾರ್ಯಕ್ಕೆ ಹೋದಾಗ ತೆಗೆದ ಶಾಸನಗಳ ಫೋಟೋಗಳು ಲ್ಯಾಪ್‌ಟಾಪ್‌ನಿಂದ ಮನೆಯ ಕಂಪ್ಯೂಟರಿಗೆ ತಾವಾಗೇ ಹೋಗಲಿ ಅಂತ ಸಿಂಕ್‌ಥಿಂಗ್ ಹಾಕಿಕೊಂಡಿದ್ದೆ. ಒಮ್ಮೆ ಜಾಗ ಸಾಲದೆ ಲ್ಯಾಪ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಅಳಿಸಿದೆ. ಮನೆಗೆ ಬಂದು ನೋಡಿದರೆ ಅಲ್ಲೂ ಇಲ್ಲ! ಕ್ಯಾಮೆರಾದ ಕಾರ್ಡ್ ಇನ್ನೂ ಖಾಲಿ ಮಾಡಿರಲಿಲ್ಲ, ಬಚಾವಾದೆ.

ದೇವನಹಳ್ಳಿ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲು ಒಡೆದರೂ ಆ ಪಾಠ ಉಳಿಯುತ್ತೆ. ಪಡಿಯಚ್ಚೂ ಹಾಗೇ. ಸಿಂಕ್ ಹಾಗಲ್ಲ: ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತೆ.

ಇನ್ನೊಂದು ಅಪಾಯವೂ ಇದೆ. ನಮ್ಮ ಫೋಟೋಗಳಲ್ಲಿ ಕಲ್ಲು ಇರುವ ಜಾಗದ ಜಿಪಿಎಸ್ ಗುರುತು ಇರುತ್ತೆ. ನಿಧಿ ಆಸೆಗೆ ವೀರಗಲ್ಲಿನ ಬುಡ ಅಗೆಯುವವರ ಕೈಗೆ ಅದು ಸಿಕ್ಕಬಾರದು. ಹಾಗಾಗಿ ಈಗ ಡಾಕರ್ ಕಂಟೇನರ್‌ನಲ್ಲಿ ಹೀಗೆ ನಡೆಸುತ್ತಿದ್ದೇನೆ:

1. ಕಂಟೇನರಿಗೆ ಶಾಸನದ ಫೋಲ್ಡರ್ ಮತ್ತು ಸಿಂಕ್‌ಥಿಂಗ್‌ನ ಸೆಟ್ಟಿಂಗ್ ಫೋಲ್ಡರ್ ಎರಡನ್ನೇ ಕೊಡಿ. ಇಡೀ ಹೋಮ್ ಫೋಲ್ಡರ್ ಬೇಡ. ಸೆಟ್ಟಿಂಗ್ ಫೋಲ್ಡರಿನಲ್ಲಿ ನಿಮ್ಮ ಸಾಧನದ ಖಾಸಗಿ ಕೀಲಿ ಇರುತ್ತೆ, ಅದನ್ನು ಯಾರಿಗೂ ಕಳಿಸಬೇಡಿ.

2. ರೂಟ್ ಆಗಿ ಓಡಿಸಬೇಡಿ. ಫೋಟೋಗಳ ಮಾಲೀಕ ಯಾವ ಬಳಕೆದಾರನೋ ಆ ಸಂಖ್ಯೆಯಲ್ಲೇ (ಸಾಮಾನ್ಯವಾಗಿ 1000) ಓಡಿಸಿ.

3. ನಿರ್ವಹಣೆಯ ಪುಟ ಇರುವುದು 8384 ಪೋರ್ಟ್‌ನಲ್ಲಿ. ಕಂಟೇನರ್‌ನಲ್ಲಿ ಮೊದಲಿಗೆ ಅದಕ್ಕೆ ಪಾಸ್‌ವರ್ಡ್ ಇರೋದಿಲ್ಲ, ಕೂಡಲೇ ಹಾಕಿ. ಆ ಪೋರ್ಟನ್ನು 127.0.0.1ಕ್ಕೆ ಮಾತ್ರ ಕಟ್ಟಿ. ಉಬುಂಟುವಿನ ಯುಎಫ್‌ಡಬ್ಲ್ಯು ಕಾಯುತ್ತೆ ಅಂತ ನಂಬಬೇಡಿ. ಡಾಕರ್ ತೆರೆದ ಪೋರ್ಟ್ ಅದರ ನಿಯಮಗಳನ್ನು ದಾಟಿ ಹೋಗುತ್ತೆ.

4. ಕಡತಗಳ ಓಡಾಟಕ್ಕೆ 22000 ಪೋರ್ಟ್ ಸಾಕು. ಆ ದಾರಿ ಟಿಎಲ್‌ಎಸ್‌ನಿಂದ ಗೂಢಲಿಪೀಕರಣ ಆಗಿರುತ್ತೆ, ಎರಡೂ ಸಾಧನಗಳು ಒಪ್ಪದೆ ಜೋಡಿಯಾಗೋದಿಲ್ಲ. ಕಂಟೇನರ್ ಒಳಗಿಂದ ಒಂದೇ ವೈಫೈನ ಲ್ಯಾಪ್‌ಟಾಪ್ ತಾನಾಗಿ ಕಾಣದಿದ್ದರೆ ವಿಳಾಸವನ್ನು ಕೈಯಾರೆ ಬರೆಯಿರಿ.

5. ಲ್ಯಾಪ್‌ಟಾಪ್ 'ಕಳಿಸುವುದು ಮಾತ್ರ', ಮನೆಯದು 'ಪಡೆಯುವುದು ಮಾತ್ರ' ಅಂತ ಇಡಿ. ಇಷ್ಟರಿಂದಲೇ ಅಳಿಸುವಿಕೆ ನಿಲ್ಲೋದಿಲ್ಲ. ಮನೆಯ ಕಡೆ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನೂ ಹಾಕಬೇಕು. ಆಗ ಅಳಿದ ಕಡತ ಬೇರೆ ಫೋಲ್ಡರಿಗೆ ಸರಿದು ಉಳಿದಿರುತ್ತೆ.

ಎಲ್ಲ ಆದಮೇಲೆ ಒಂದು ಬೇಡದ ಫೋಟೋ ಹಾಕಿ, ಅಳಿಸಿ, ವಾಪಸ್ ತಂದು ನೋಡಿ. ವಾಪಸ್ ಬಂದರೆ ಮಾತ್ರ ಕೆಲಸ ಮುಗಿದಂತೆ. ಅದರ ಜೊತೆಗೆ ಸಿಂಕ್‌ಗೆ ಸಿಗದ ಒಂದು ಹಾರ್ಡ್ ಡಿಸ್ಕಿಗೂ ಆಗಾಗ ಪ್ರತಿ ಮಾಡಿ, ತಂತಿ ಕಿತ್ತು ಬೀರುವಿನಲ್ಲಿಡಿ. ರಸ್ತೆ ಅಗಲವಾದಾಗ ಮಣ್ಣಿನಡಿ ಹೋದ ಕಲ್ಲಿನ ಮುಂದೆ ಮತ್ತೊಮ್ಮೆ ಕ್ಯಾಮೆರಾ ಹಿಡಿಯೋಕೆ ಆಗೋದಿಲ್ಲ ನೋಡಿ.