ಕಿಲ್ಲಾದ ಸಿಪಾಯಿಗೆ ಯಾವ ಅಂಟು?

ದೀಪಾವಳಿ ಬಂತಂದ್ರ ಹಿಂದವಾಡಿ ಇರ್ಲಿ, ಶಹಾಪುರ ಇರ್ಲಿ, ಬೆಳಗಾವಿ ಹುಡುಗರು ಮಣ್ಣು, ಕಲ್ಲು ತಂದು ಕಿಲ್ಲಾ ಕಟ್ತಾರ. ಮ್ಯಾಲ ಶಿವಾಜಿ ಮಹಾರಾಜರು, ಕೆಳಗ ಮಾವಳಾ ಸೈನಿಕರು. ಈಗ ಕೆಲವರ ಟೇಬಲ್ ಮ್ಯಾಲ ಇನ್ನೊಂದು ಸೈನ್ಯ: ಫ್ರೇಮಿನಿಂದ ಕತ್ತರಿಸಿ, ಕೈಕಾಲು ಜೋಡಿಸೋ ವಾರ್‌ಗೇಮ್ ಗೊಂಬಿಗಳು.

ಅಂಟು ಕೊಳ್ಳೂಕ್ಕಿಂತ ಮೊದಲು ಪ್ಲಾಸ್ಟಿಕ್ ಯಾವುದಂತ ನೋಡ್ರಿ.

ಈ ಕಿಟ್ ಬಹುತೇಕ ಪಾಲಿಸ್ಟೈರೀನ್. ಇದಕ್ಕ ಪ್ಲಾಸ್ಟಿಕ್ ಸಿಮೆಂಟೇ ಬೇಕು. ಅದು ಎರಡೂ ಮುಖ ಕರಗಿಸಿ ಒಂದು ಮಾಡ್ತದ, ಬೆಸುಗಿ ಹಾಕಿದಂಗ. ತೆಳು ಸಿಮೆಂಟ್ ಇದ್ರ ತುಂಡು ಮೊದಲ ಜೋಡಿಸಿ ಹಿಡೀರಿ, ಬ್ರಶ್ ಸಂದಿಗೆ ಮುಟ್ಟಿಸ್ರಿ. ತಾನಾಗೇ ಒಳಗ ಹರೀತದ. ಬಣ್ಣ ಹಚ್ಚಿದ್ ಜಾಗಾ ಇದ್ರ ಕೆರೀರಿ. ಸಿಮೆಂಟ್ ಹೆಚ್ಚಾತೋ, ಸಿಪಾಯಿ ಮೂಗೂ ಕರಗ್ತದ! ಕಿಟಕಿ ತೆಗೆದಿಡ್ರಿ, ವಾಸನಿ ಜೋರು.

ರೆಸಿನ್, ಲೋಹದ ಗೊಂಬಿಗೆ ಸಿಮೆಂಟ್ ನಡಿಯೂದಿಲ್ಲ. ಅಲ್ಲಿ ಫೆವಿಕ್ವಿಕ್. ಅದರೊಳಗಿನ ಸೈನೋಅಕ್ರಿಲೇಟ್ ತೇವ ಸಿಕ್ಕರ ಗಟ್ಟಿ ಆಗ್ತದ. ನಮ್ಮೂರ ಜುಲೈ ಮಳಿಯೊಳಗ ಲಗೂನ ಹಿಡೀತದ ಖರೆ, ಆದ್ರ ಸುತ್ತ ಬಿಳಿ ಕಲಿ ಬೀಳೂದೂ ಅವಾಗ. ಒಂದ ಹನಿ ಸಾಕು. ಗೊಂಬಿ ಕೆಳಗ ಬಿದ್ರ ಆ ಕೂಡು ಪಟ್ ಅಂತ ಬಿಡ್ತದ, ಭಾರದ ತುಂಡಿಗೆ ಒಳಗ ತಂತಿ ಕೊಡ್ರಿ.

ಫೆವಿಕಾಲ್? ಬೇಸ್ ಮ್ಯಾಲ ಉಸುಕು ಕೂಡ್ಸಾಕ ಅಷ್ಟ.

ಇನ್ನ ಪೊಟ್ಟಣದೊಳಗ ಬರೋ ಮೆತ್ತನ ಹಸಿರು ಸಿಪಾಯಿ ಸಾಮಾನ್ಯವಾಗಿ ಪಾಲಿಎಥಿಲೀನ್. ಮನಿಯೊಳಗಿನ ಯಾವ ಅಂಟೂ ಅದಕ್ಕ ಸರಿಯಾಗಿ ಹಿಡಿಯೂದಿಲ್ಲ. ರೊಕ್ಕ ದಂಡ ಮಾಡಬ್ಯಾಡ್ರಿ. ಕಾಲಿಗೆ ಸಣ್ಣ ತಂತಿ ಚುಚ್ಚಿ, ಕಿಲ್ಲಾದ ಹಸಿ ಮಣ್ಣಿನ್ಯಾಗ ನೆಟ್ಟುಬಿಡ್ರಿ.