ದಾಸೋಹದ ಊಟ, ಉಣ್ಣುವವರ ಮಾನ

ಧರ್ಮದ ಹೆಸರಿನಲ್ಲಿ ಹಸಿದವರಿಗೆ ಅನ್ನ ಹಾಕುವ ಪದ್ಧತಿ ಎಲ್ಲ ಮತಗಳಲ್ಲೂ ಇದೆ. ಹೊಟ್ಟೆ ತುಂಬಿಸುವುದು ಅದರ ಅರ್ಧ ಕೆಲಸ. ಉಂಡವರು ತಲೆ ತಗ್ಗಿಸದೆ ಎದ್ದುಹೋಗುವಂತೆ ನೋಡಿಕೊಳ್ಳುವುದು ಉಳಿದರ್ಧ. ಅದಕ್ಕೆ ಬಡಿಸುವವರ ಒಳ್ಳೆಯ ಮನಸ್ಸೊಂದೇ ಸಾಲದು. ಬಾಗಿಲಲ್ಲಿ ಏನು ಕೇಳುತ್ತಾರೆ, ಯಾರ ಪಕ್ಕ ಯಾರು ಕೂರುತ್ತಾರೆ, ದವಸ ಎಲ್ಲಿಂದ ಬರುತ್ತದೆ ಎಂಬ ಏರ್ಪಾಟೇ ಮಾನವನ್ನು ಉಳಿಸುತ್ತದೆ, ಇಲ್ಲವೇ ಕಳೆಯುತ್ತದೆ.

ಬರದ ಸೀಮೆಯಲ್ಲಿ ಈ ಮಾನದ ಪ್ರಶ್ನೆ ಇನ್ನೂ ಸೂಕ್ಷ್ಮ. ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೆ ಬರ ಹೊಸತಲ್ಲ. ಮಳೆ ನಂಬಿ ರಾಗಿ, ಶೇಂಗಾ ಬಿತ್ತುವ ಸೀಮೆ ಇದು. ಶಿರಾ ತಾಲ್ಲೂಕಿನ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಮಾತು 2020ರ ಶಿರಾ ಉಪಚುನಾವಣೆಯ ದೊಡ್ಡ ಭರವಸೆಯಾಗಿತ್ತು ಎಂದರೆ ಇಲ್ಲಿ ನೀರಿನ ಬೆಲೆ ಎಷ್ಟೆಂದು ತಿಳಿಯುತ್ತದೆ. ಇನ್ನೂ ಹಿಂದೆ ಹೋದರೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ, ಈ ಸೀಮೆಯೂ ಸೇರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1876–78ರ ಬರ ಕಳೆದು 1881ರಲ್ಲಿ ಎಣಿಸುವಾಗ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಇಂಥ ಸೀಮೆಯಲ್ಲಿ ಬಡತನ ಹುಟ್ಟಿನಿಂದ ಬಂದದ್ದೇ ಆಗಬೇಕಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದವರಿಗೆಲ್ಲ ಮೊರದಲ್ಲಿ ರಾಗಿ ಹಾಕಿದ ರೈತನೇ ಎರಡು ವರ್ಷ ಮಳೆ ಕೈಕೊಟ್ಟರೆ ಗಂಜಿಯ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಅವನಿಗೆ ಹಸಿವಿನಷ್ಟೇ ನಾಚಿಕೆಯೂ ಸುಡುತ್ತದೆ.

ಈ ಸೀಮೆಗೆ ಹತ್ತಿರದ ದೊಡ್ಡ ದಾಸೋಹ ತುಮಕೂರಿನ ಸಿದ್ಧಗಂಗಾ ಮಠದ್ದು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹವನ್ನು ಬೆಳೆಸಿದರು; ಸುಮಾರು ಹತ್ತು ಸಾವಿರ ಮಕ್ಕಳು ಅಲ್ಲಿ ಉಚಿತವಾಗಿ ಉಂಡು ಓದುತ್ತಾರೆ. ಜಾತಿ, ಮತ ಕೇಳುವ ಪದ್ಧತಿ ಇಲ್ಲ. ಮಕ್ಕಳು ಸಾಲಾಗಿ ನೆಲದ ಮೇಲೆ ಕೂರುತ್ತಾರೆ, ಎಲ್ಲರ ತಟ್ಟೆಗೂ ಅದೇ ಮುದ್ದೆ, ಅದೇ ಸಾರು ಬೀಳುತ್ತದೆ. ಜಾತ್ರೆಗೆ ಬಂದ ರೈತರಿಗೂ ದರ್ಶನಕ್ಕೆ ಬಂದ ಭಕ್ತರಿಗೂ ಅಲ್ಲಿ ಊಟವಿದೆ. ಹಾಗಾಗಿ ಅಲ್ಲಿ ಉಣ್ಣುವುದು ‘ನಾನು ಬಡವ’ ಎಂದು ಸಾರಿದಂತಾಗುವುದಿಲ್ಲ. ಬಡವರಿಗೆಂದೇ ಬೇರೆ ಸಾಲು ಮಾಡಿದ್ದರೆ ಎಷ್ಟು ಪ್ರೀತಿಯಿಂದ ಬಡಿಸಿದರೂ ಆ ಸಾಲೇ ಒಂದು ಹಣೆಪಟ್ಟಿಯಾಗುತ್ತಿತ್ತು.

ದವಸದ ಮೂಲವೂ ಗಮನಿಸಬೇಕಾದದ್ದು. ಸ್ವಾಮೀಜಿ ಹಳ್ಳಿಹಳ್ಳಿ ಸುತ್ತಿ ಭಿಕ್ಷೆ ಎತ್ತಿ ಮಠ ನಡೆಸಿದರು. ಹಳ್ಳಿಗಳಿಂದ ರಾಗಿ, ಅಕ್ಕಿ, ತರಕಾರಿ, ತೆಂಗಿನಕಾಯಿ ಬರುವುದು ಈಗಲೂ ನಿಂತಿಲ್ಲ. ಉಣಿಸುವವರೇ ಬೇಡಿ ತಂದವರು. ಮಗನನ್ನು ಮಠದಲ್ಲಿ ಬಿಟ್ಟ ಮನೆಯವರು ಬೆಳೆ ಬಂದ ವರ್ಷ ಒಂದು ಚೀಲ ರಾಗಿ ಕಳಿಸಿದರೆ ಅವರೂ ದಾಸೋಹಿಗಳೇ. ಕೊಡುವವರು ಮೇಲೆ, ಪಡೆಯುವವರು ಕೆಳಗೆ ಎಂಬ ಗೆರೆ ಹೀಗೆ ಅಳಿಸಿಹೋಗುತ್ತದೆ. 2019ರ ಜನವರಿ 21ರಂದು ಸ್ವಾಮೀಜಿ ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿಯುವ ತನಕ ಸುದ್ದಿ ತಿಳಿಸಬೇಡಿ ಎಂದು ಅವರು ಮೊದಲೇ ಹೇಳಿಟ್ಟಿದ್ದರೆಂದು ವರದಿಯಾಯಿತು. ಆ ದಿನವನ್ನು ಈಗ ಕರ್ನಾಟಕ ಸರ್ಕಾರ ‘ದಾಸೋಹ ದಿನ’ವಾಗಿ ಆಚರಿಸುತ್ತದೆ.

ಪಡೆಯುವವರ ಸ್ವಾಭಿಮಾನಕ್ಕೆ ಮಾದರಿಯಾಗಿ ಶರಣ ಪರಂಪರೆಯಲ್ಲಿ ದಂಪತಿಯೊಂದರ ಕಥೆ ಇದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಆತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ, ದಿನದ ಪಾಲಿಗಿಂತ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಎಷ್ಟು ಪಡೆಯಬೇಕೆಂಬ ತೀರ್ಮಾನ ಇಲ್ಲಿ ಬಡವರ ಕೈಯಲ್ಲೇ ಇದೆ. ದಾನದ ಬಗ್ಗೆ ಬರೆಯುವವರು ಕೊಡುವವರನ್ನೇ ಹೊಗಳುತ್ತ ಈ ಮಾತನ್ನು ಮರೆಯುವುದೇ ಹೆಚ್ಚು.

ಎಲ್ಲ ಕಡೆ ಪಂಕ್ತಿ ಸಿದ್ಧಗಂಗೆಯಂತಿಲ್ಲ. ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸುವ ಉಡುಪಿ ಕೃಷ್ಣಮಠದ ಪಂಕ್ತಿಭೇದ ಹಲವು ಪ್ರತಿಭಟನೆಗಳನ್ನು ಕಂಡಿತು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಬ್ರಾಹ್ಮಣರು ಉಂಡ ಎಂಜಲೆಲೆಗಳ ಮೇಲೆ ಉರುಳುವ ಮಡೆಸ್ನಾನ ನ್ಯಾಯಾಲಯದ ಮೆಟ್ಟಿಲೇರಿತು. 2017ರಲ್ಲಿ ರೂಪುಗೊಂಡು 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆ ಮಡೆಸ್ನಾನಕ್ಕೆ ತಡೆ ಹಾಕಿದೆ. ಉರುಳುವವರು ಒಪ್ಪಿಯೇ ಉರುಳುತ್ತಾರೆ ಎಂಬ ವಾದವನ್ನು ಪದ್ಧತಿಯ ಪರ ಇದ್ದವರು ಮುಂದಿಟ್ಟರು. ಎಂಜಲು ಯಾರದು, ಮೈ ಯಾರದು ಎಂದು ನೋಡಿದರೆ ಆ ವಾದ ನಿಲ್ಲುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ ಬೀದರಿನ ಗುರುನಾನಕ್ ಝೀರಾ ಗುರುದ್ವಾರದ ಉಚಿತ ಊಟದ ಮನೆಯಾದ ಲಂಗರಿನಲ್ಲಿ ಯಾರು ಬಂದರೂ ಒಂದೇ ಸಾಲಿನಲ್ಲಿ ನೆಲಕ್ಕೆ ಕೂರಬೇಕು. ಉಂಡವರು ಮನಸ್ಸಿದ್ದರೆ ಪಾತ್ರೆ ತೊಳೆಯಬಹುದು, ಬಡಿಸಬಹುದು. ಕಾಸಿಲ್ಲದವರಿಗೂ ಕೊಡಲು ಕೈಗಳಿವೆಯಲ್ಲ.

ಹೊಸ ಕಾಲದ ಅವಮಾನ ಕ್ಯಾಮೆರಾದ್ದು. 2020ರ ಲಾಕ್‌ಡೌನ್‌ನಲ್ಲಿ ಒಂದು ದಿನಸಿ ಕಿಟ್ ಹಿಡಿಯಲು ನಾಲ್ಕಾರು ಕೈಗಳು, ಪಡೆಯುವ ಅಜ್ಜಿಯ ಮುಖ ಮಾತ್ರ ಸ್ಪಷ್ಟ ಎಂಬಂಥ ಫೋಟೊಗಳು ಊರೂರಲ್ಲಿ ಹರಿದಾಡಿದವು. ರಾಜಸ್ಥಾನದಲ್ಲಿ ಆಹಾರ ಹಂಚುವಾಗ ಫೋಟೊ ತೆಗೆಯುವುದಕ್ಕೆ ಆಗ ನಿರ್ಬಂಧ ಹೇರಲಾಯಿತು. ದಾನಿಗಳಿಗೆ ಲೆಕ್ಕ ಒಪ್ಪಿಸಲು ಫೋಟೊ ಬೇಕು ಎನ್ನುವ ಸಂಘಗಳಿವೆ. ಮೂಟೆಗಳ ಫೋಟೊ, ರಸೀದಿ, ಬೆಂದ ಅನ್ನದ ಕೊಪ್ಪರಿಗೆಯ ಚಿತ್ರ ಇದ್ದರೆ ಲೆಕ್ಕಕ್ಕೆ ಸಾಕು. ಉಣ್ಣುವವರ ಮುಖ ಅದರಲ್ಲಿ ಬರಬೇಕಿಲ್ಲ.